ಬಫೆ ಮುಚ್ಚುವ ಹೊತ್ತು

ಮೊನ್ನೆ ದುಬೈಯ ರಾಸ್ ಅಲ್ ಖೋರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನಮ್ಮ ಕಾರಿನ ಏರ್ ಫಿಲ್ಟರ್ ತೆಗೆದು ನೆಲಕ್ಕೆ ಎರಡು ಸಲ ಕುಟ್ಟಿದ. ಎದ್ದ ಧೂಳಿಗೆ ಡೀಸೆಲ್ ವಾಸನೆ ಬೆರೆತು ಮೂಗಿಗೆ ಬಡಿಯಿತು ನೋಡಿ, ನಾನು ಅಲ್ಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಂತೆಯೇ ಕೀನ್ಯಾ ತಲುಪಿದೆ. ತರಕಾರಿ ಮಾರ್ಕೆಟ್ಟಿಗೆ ಹೋಗಲೆಂದು ಜೊತೆಗೆ ಬಂದಿದ್ದ ನನ್ನ ಹೆಂಡತಿ ವಿಜಯಾ ಪಕ್ಕದಲ್ಲಿ ಕೂತಿದ್ದಳು. ಅವಳಿಗೂ ಆ ವಾಸನೆ ಬಂತೋ ಏನೋ, ನಾನು ಕೇಳಲಿಲ್ಲ. ಕೇಳದಿರಲು ಕಾರಣವಿದೆ.

ದುಬೈಯಲ್ಲಿ ಬಾಳಿದವರಿಗೆ ಸಫಾರಿ ಎಂದರೆ ಮರಳಿನ ಸಫಾರಿ. ಮೂರಕ್ಕೆ ಗಾಡಿ ಬಾಗಿಲಿಗೆ ಬರುತ್ತದೆ, ನಾಲ್ಕೂವರೆಗೆ ಮರಳುದಿಬ್ಬ, ಆರಕ್ಕೆ ಒಂಟೆ, ಏಳಕ್ಕೆ ಕುಣಿತ, ಎಂಟಕ್ಕೆ ಊಟ, ಖಲಾಸ್. ಊರಿಂದ ಬಂದ ನೆಂಟರನ್ನೆಲ್ಲ ಕರೆದೊಯ್ದು ನನಗದು ಬಾಯಿಪಾಠ. ಹಾಗಾಗಿ ನಾಲ್ಕು ವರ್ಷದ ಹಿಂದೆ ಮಿರ್ದಿಫ್ ಬಡಾವಣೆಯ ನಾವು ಕೆಲವು ಕುಟುಂಬಗಳು ಎರಡು ವ್ಯಾನುಗಳ ಲೆಕ್ಕದಲ್ಲಿ ಆಫ್ರಿಕಾಕ್ಕೆ ಹೊರಟಾಗ, ಕಾಡಿಗೂ ಒಂದು ವೇಳಾಪಟ್ಟಿ ಮಾಡಿ ಎಲ್ಲರ ವಾಟ್ಸಾಪಿಗೆ ಕಳಿಸಿದ್ದೆ. ಒಂಬತ್ತಕ್ಕೆ ಸಿಂಹ. ಹನ್ನೊಂದಕ್ಕೆ ನದಿ. ಒಂದೂವರೆಗೆ ಊಟ. ಎಲ್ಲರೂ ಹೆಬ್ಬೆರಳಿನ ಚಿತ್ರ ಒತ್ತಿ ಒಪ್ಪಿದರು. ಪಟ್ಟಿ ಮಾಡಿದವನೇ ಲೀಡರ್ ಎಂದೂ ಆಯಿತು. ಸಿಂಹಕ್ಕೆ ಮಾತ್ರ ಆ ಪಟ್ಟಿಯನ್ನು ಯಾರೂ ಕಳಿಸಿರಲಿಲ್ಲ.

ಚಿಂತೆ ನನ್ನ ಚಟ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಏರ್‌ಪೋರ್ಟಿನಿಂದ ಒಮ್ಮೆ ಮನೆಗೆ ಮರಳಿದವನು ನಾನು. ಆರಿಸಿದ್ದೆ.

ವಿಜಯಾಗೆ ಆ ಪ್ರವಾಸದಲ್ಲಿ ಬೇಕಾಗಿದ್ದುದು ಒಂದೇ. ದನದ ಮೈ, ಕುದುರೆಯ ಬಾಲ, ಮುದುಕರ ಗಡ್ಡ ಇರುವ ವೈಲ್ಡ್‌ಬೀಸ್ಟ್‌ಗಳು ಸಾವಿರಗಟ್ಟಲೆ ಒಟ್ಟಿಗೆ ನದಿ ದಾಟುವುದನ್ನು ಕಣ್ಣಾರೆ ಕಾಣಬೇಕಿತ್ತು. "ಸಿಂಹ ಬ್ಯಾಡ, ಹುಲಿ ಬ್ಯಾಡ, ಅದೊಂದು ತೋರಸ್ರಿ" ಅಂದಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದೇ ಕಡಿಮೆ. ಆಫ್ರಿಕಾದಲ್ಲಿ ಹುಲಿ ಇಲ್ಲವೆಂದು ತಿದ್ದುವಷ್ಟು ಬುದ್ಧಿ ಮಾತ್ರ ನನಗಿತ್ತು. ನದಿಗೆಂದು ನಮಗೆ ಸಿಕ್ಕಿದ್ದು ಒಂದೇ ದಿನ.

ನಾವು ತಲುಪಿದಾಗ ಹಿಂಡು ಆಚೆ ದಡದಲ್ಲಿ ನಿಂತಿತ್ತು. ಡ್ರೈವರ್ ಜೋಸೆಫ್ ಎಂಜಿನ್ ಆರಿಸಿದ. ಆಮೇಲಿನದು ನಡೆದದ್ದೋ ಕನಸಿನಲ್ಲಿ ಕಂಡದ್ದೋ, ಈಗ ನನಗೇ ಖಚಿತವಿಲ್ಲ. ಒಣಗಿ ಬೆಳ್ಳಗಾದ ಹುಲ್ಲಿನ ಮೇಲೆ ಮೋಡದ ನೆರಳು ಮೇಯುತ್ತ ಹೋಗುತ್ತಿತ್ತು. ಸಾವಿರ ಗಂಟಲುಗಳಿಂದ ಒಂದೇ ಗುನುಗು, ಯಾರೋ ನಿದ್ದೆಯಲ್ಲಿ ನರಳಿದಂತೆ. ಮುಂದಿನದೊಂದು ನೀರಿನ ತನಕ ಇಳಿಯುವುದು, ಮೂಸುವುದು, ಏನೋ ನೆನಪಾದಂತೆ ತಿರುಗುವುದು. ಅದರ ಹಿಂದೆ ಹಿಂಡಿಗೆ ಹಿಂಡೇ ತಿರುಗುವುದು. ನನಗೆ ಹತ್ತಿರದ ಸಂಬಂಧಿಕರನ್ನು ಕಂಡಂತಾಯಿತು. ವಿಜಯಾ ವ್ಯಾನಿನ ತೆರೆದ ಮಾಡಿನಡಿ ಎದ್ದು ನಿಂತು, ಕಂಬಿ ಹಿಡಿದು, ನೋಡುತ್ತಲೇ ಇದ್ದಳು. ಕೂದಲಿಗೆಲ್ಲ ಧೂಳು ಕೂತು, ವಯಸ್ಸಾದವಳಂತೆಯೂ ಚಿಕ್ಕ ಹುಡುಗಿಯಂತೆಯೂ ಕಾಣುತ್ತಿದ್ದಳು.

ಒಂದು ಗಂಟೆಯಾಯಿತು. ಎರಡಾಯಿತು. ಲಾಡ್ಜಿನ ಬಫೆ ಎರಡೂವರೆಗೆ ಮುಚ್ಚುತ್ತದೆಂದು ಬೋರ್ಡಿನಲ್ಲಿ ನಾನು ಬೆಳಿಗ್ಗೆಯೇ ಓದಿಕೊಂಡಿದ್ದೆ.

"ಇವು ಯಾವಾಗ ದಾಟುತ್ತವೆ, ಜೋಸೆಫ್?"

"ಅದನ್ನು ಅವೇ ನಿರ್ಧರಿಸಬೇಕು ಸರ್. ಈಗಲೇ ಇರಬಹುದು, ನಾಳೆಯೂ ಆಗಬಹುದು."

ನಾಳೆ ಎಂಬ ಮಾತು ಕೇಳಿದ್ದೇ ನಾನು ವಾಚು ನೋಡಿಕೊಂಡೆ. "ಊಟ ತಪ್ಪತೈತಿ" ಅಂದೆ.

ಹಿಂದಿನ ಸೀಟಿನಲ್ಲಿದ್ದ ಉಡುಪಿಯ ಸದಾನಂದರು ನಕ್ಕರು. "ಎಂತ ಮಾರಾಯ್ರೆ, ಊಟಕ್ಕೆ ಕಾಲುಂಟಾ ಓಡಿ ಹೋಗ್ಲಿಕ್ಕೆ? ಆದ್ರೂ ಲೀಡರ್ ನೀವು, ನೀವು ಹೇಳಿದ ಹಾಗೆ."

"ಇನ್ನೊಂದೀಟು ಇರೂಣಲ್ರೀ." ವಿಜಯಾ ತಿರುಗಲೂ ಇಲ್ಲ.

"ಯಲ್ಲಾ, ಜೋಸೆಫ್, ಹೊರಡೋಣ" ಅಂದುಬಿಟ್ಟೆ.

ಬಫೆಯಲ್ಲಿ ಪನೀರ್ ಇತ್ತು. ಮುಚ್ಚುವ ಲಕ್ಷಣವೇನೂ ಇರಲಿಲ್ಲ. ನಮ್ಮನ್ನು ಕಂಡು ಅಡುಗೆಯವನು ಬಿಸಿ ಚಪಾತಿ ಬೇರೆ ತಂದ. ನಾನು ಎರಡನೇ ಸಲ ಬಡಿಸಿಕೊಳ್ಳುವಾಗ, ನದಿಯ ಹತ್ತಿರವೇ ಉಳಿದಿದ್ದ ಇನ್ನೊಂದು ವ್ಯಾನಿನವರು ಕೂಗಾಡುತ್ತ ಬಂದರು. ನಾವು ಹೊರಟ ಹತ್ತೇ ನಿಮಿಷಕ್ಕೆ ಹಿಂಡು ನೀರಿಗೆ ಹಾರಿತ್ತಂತೆ. ಎಲ್ಲರೂ ಫೋನು ಚಾಚಿದರು. ವಿಜಯಾ ಅಂಗೈಯಗಲದ ಪರದೆಯಲ್ಲಿ ಅದನ್ನು ಪೂರ್ತಿ ನೋಡಿ, "ಚಂದ ಬಂದೈತಿ" ಎಂದು ಫೋನು ವಾಪಸು ಕೊಟ್ಟಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಮರೆತುಬಿಡಬಹುದಿತ್ತು. ಆ ಪನೀರು ನಾಲ್ಕು ವರ್ಷದಿಂದ ಇಲ್ಲೇ, ಎದೆಯ ಹತ್ತಿರ ಕೂತಿದೆ.

ಗ್ಯಾರೇಜಿನಲ್ಲಿ ಕಾರು ಸಿದ್ಧವಾಯಿತು. ಹೊರಟವನು ಮಾರ್ಕೆಟ್ಟಿನ ತಿರುವು ಬಿಟ್ಟು ಕೊಲ್ಲಿಯ ಕೆಸರುನೆಲದತ್ತ ತಿರುಗಿಸಿದೆ. ಚಳಿಗಾಲಕ್ಕೆ ಫ್ಲೆಮಿಂಗೊ ಹಕ್ಕಿಗಳು ಇಳಿಯುವ ಜಾಗ ಅದು; ಇಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೇನೆ, ಒಮ್ಮೆಯೂ ನಿಂತವನಲ್ಲ.

"ಇಲ್ಯಾಕ್ರೀ?"

"ಸುಮ್ಮನ."

ಹಕ್ಕಿ ನೋಡಲೆಂದು ಕಟ್ಟಿದ ಮರದ ಅಟ್ಟಣೆಯ ಕಿಂಡಿಯಲ್ಲಿದ್ದ ದುರ್ಬೀನಿಗೆ ಅವಳು ಕಣ್ಣಿಟ್ಟಳು. ಹಕ್ಕಿಗಳು ಒಂಟಿಕಾಲಲ್ಲಿ ನಿದ್ದೆ ಹೋಗಿದ್ದವು. ಅವುಗಳ ಹಿಂದೆ ದುಬೈಯ ಎತ್ತರದ ಕಟ್ಟಡಗಳು ಮಬ್ಬಿನಲ್ಲಿ ತೇಲುತ್ತಿದ್ದವು, ಅವೂ ನಿದ್ದೆಯಲ್ಲೇ ಇದ್ದಂತೆ. ಏನೂ ನಡೆಯುತ್ತಿರಲಿಲ್ಲ. ಹಾಗೆ ಎಷ್ಟು ಹೊತ್ತು ನಿಂತೆವೋ.

"ಅವತ್ತು ನದಿ ದಂಡ್ಯಾಗ ನಾ ಅವಸರ ಮಾಡಬಾರದಿತ್ತು, ವಿಜಯಾ" ಅಂದೆ.

ಅವಳು ದುರ್ಬೀನಿನಿಂದ ಕಣ್ಣು ತೆಗೆಯದೆ ಕೈಯೆತ್ತಿ ತಡೆದಳು. "ಶ್... ಸುಮ್ಮನ ನಿಂದರ್ರಿ. ಒಂದು ಹೊಂಟೇತಿ."

ನೀರಿನ ಮೇಲೆ ನಾಲ್ಕು ಹೆಜ್ಜೆ ಓಡಿ ಅದು ಎದ್ದಿತು. ಅಷ್ಟು ಹೊತ್ತು ಬಿಳಿಚಿಕೊಂಡು ನಿಂತಿದ್ದ ಹಕ್ಕಿ. ರೆಕ್ಕೆ ಬಿಚ್ಚಿದರೆ ಒಳಗೆಲ್ಲ ಕೆಂಪು. ಅದು ಕಣ್ಮರೆಯಾಗುವ ತನಕ ನಾವಿಬ್ಬರೂ ನೋಡುತ್ತಲೇ ನಿಂತೆವು.