ಸಹಿ ಬೀಳದ ಆರು ದಿನ

ನನ್ನ ಸೋದರಮಾವ ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ಸುಳ್ಳಾದರೂ ಹೇಳಿದ್ದರೆ ಬೈದು ಸುಮ್ಮನಾಗುತ್ತಿದ್ದೆ.

ಗಡಿಗೇಟಿನ ಪಕ್ಕದ ಎರಡು ಕೋಣೆಯ ಆರೋಗ್ಯ ಕಚೇರಿಯಲ್ಲಿ ಅವನು ಇಪ್ಪತ್ತೊಂಬತ್ತು ವರ್ಷ ಇನ್‌ಸ್ಪೆಕ್ಟರ್ ಆಗಿದ್ದ. ಲಾರಿ ಡ್ರೈವರುಗಳ ಜ್ವರ ನೋಡುವುದು, ಲಸಿಕೆ ಚೀಟಿ ನೋಡುವುದು, ರಿಜಿಸ್ಟರಿಗೆ ಏರಿಸುವುದು. ಡ್ರೈವರುಗಳು ಅವನಿಗಿಟ್ಟ ಹೆಸರು ‘ನಾಲ್ಕು ಪ್ರಶ್ನೆ’. ದೇಶದೇಶಗಳೆಲ್ಲ ಕೂತು ಒಪ್ಪಿಕೊಂಡ ನಿಯಮವೊಂದಿದೆಯಂತೆ. ಹೊಸ ಕಾಯಿಲೆ ಕಂಡರೆ ನಾಲ್ಕು ಪ್ರಶ್ನೆ ಹಾಕಿಕೊಳ್ಳಬೇಕು: ತೀವ್ರವೇ, ಅಪರೂಪವೇ, ಗಡಿ ದಾಟೀತೇ, ವ್ಯಾಪಾರಕ್ಕೂ ಓಡಾಟಕ್ಕೂ ತಡೆ ಬಿದ್ದೀತೇ. ಎರಡಕ್ಕೆ ‘ಹೌದು’ ಬಂದರೆ ಇಪ್ಪತ್ನಾಲ್ಕು ಗಂಟೆಯೊಳಗೆ ದೇಶದ ಹೊರಗೆ ತಿಳಿಸಬೇಕು. ಮಾವನಿಗೆ ಅದು ಗಿಣಿಪಾಠ. ಊಟಕ್ಕೆ ಕೂತಾಗ ನಾನು ಸೀನಿದರೆ ನಾಲ್ಕನ್ನೂ ಕೇಳಿ, ನಾಲ್ಕಕ್ಕೂ ಇಲ್ಲ, ಉಣ್ಣು ಅನ್ನುತ್ತಿದ್ದ.

ಅಮ್ಮ ಅವನ ಒಬ್ಬಳೇ ತಂಗಿ. ಮದುವೆಯಾಗಿ ಗೇಟಿನಾಚೆಯ ಈ ದೇಶಕ್ಕೆ ಬಂದು, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆದವಳು. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೇ. ಎರಡು ಮನೆಗಳ ನಡುವೆ ನಡೆದರೆ ಅರ್ಧ ಗಂಟೆಯ ದಾರಿ. ದಿನಾ ಸಂಜೆ ಆರಕ್ಕೆ ಅಣ್ಣನ ಫೋನು ಬಂದರೇ ಅಮ್ಮನಿಗೆ ಟೀ ಇಳಿಯುತ್ತಿದ್ದದ್ದು.

ಒಂದು ಸೋಮವಾರ ಮೂವರು ಡ್ರೈವರುಗಳು ಜ್ವರ ಹೊತ್ತು ಮಾವನ ಕಚೇರಿಗೆ ಬಂದರು. ಒಸಡಿನಲ್ಲಿ ರಕ್ತ. ಮಧ್ಯಾಹ್ನದೊಳಗೆ ಒಬ್ಬ ಅಲ್ಲಿನ ಬೆಂಚಿನ ಮೇಲೇ ಸತ್ತ. ಮಾವ ನಾಲ್ಕಕ್ಕೂ ‘ಹೌದು’ ಎಂದು ಬರೆದು ಸಾಹೇಬರ ಮುಂದಿಟ್ಟ. ಅವರು ನಾಲ್ಕನೆಯ ಉತ್ತರದ ಮೇಲೆ ಬೆರಳಿಟ್ಟರು. ಸುದ್ದಿ ಹೊರಬಿದ್ದರೆ ಗೇಟು ಮುಚ್ಚುತ್ತದೆ, ಸರಕು ಕೊಳೆಯುತ್ತದೆ, ಮೇಲಿನವರು ತಮ್ಮನ್ನು ಸುಮ್ಮನೆ ಬಿಡುತ್ತಾರೆಯೇ ಎಂದರು. ಆಮೇಲೆ ಹಾಳೆಯನ್ನು ಪೇಪರ್‌ವೆಯ್ಟಿನ ಕೆಳಗೆ ತಳ್ಳಿ, "ಇಪ್ಪತ್ನಾಲ್ಕು ಗಂಟೆ ಶುರುವಾಗೋದು ನನ್ನ ಸಹಿ ಬಿದ್ದ ಮೇಲೆ. ಸಹಿ ನಾನಿನ್ನೂ ಹಾಕಿಲ್ವಲ್ಲ" ಎಂದರು. ನಿಯಮವೆಂದರೆ ದೇವರೆನ್ನುವ ಮಾವ ಅದನ್ನೂ ನಿಯಮವೆಂದೇ ನುಂಗಿಕೊಂಡ.

ಗೇಟು ತೆರೆದೇ ಇತ್ತು. ಉಳಿದಿಬ್ಬರು ನಮ್ಮ ಕಡೆಯ ಊರಿನವರು; ಅವರವರ ಮನೆಗೆ ಹೋಗಲಿ ಎಂದು ದಾಟಿಸಿದರು. ಅವರು ಬಂದು ಸೇರಿದ್ದು ಅಮ್ಮನ ವಾರ್ಡಿಗೆ. ಮಾಮೂಲಿ ಜ್ವರವಿರಬೇಕೆಂದು ಅಮ್ಮ ಬರಿಗೈಯಲ್ಲೇ ಅವರ ಬಾಯಿ ಒರೆಸಿದಳು.

ಬುಧವಾರದ ಫೋನಿನಲ್ಲಿ ಅಮ್ಮನೇ ಕೇಳಿದಳು. ನಾನು ಪಕ್ಕದಲ್ಲೇ ಇದ್ದೆ.

"ಅಣ್ಣಾ, ಒಸಡಲ್ಲಿ ರಕ್ತ ಬರೋ ಜ್ವರ ನಿಮ್ಮ ಕಡೆ ಏನಾದ್ರೂ ಇದೆಯಾ? ಡಾಕ್ಟರಿಗೇ ತಲೆಬುಡ ತಿಳೀತಿಲ್ಲ."

ಆ ಕಡೆಯಿಂದ ಮಾವ, "ಕೇಳಿ ಹೇಳ್ತೀನಿ" ಎಂದ.

ನಿಜವಾಗಿಯೂ ಕೇಳಿದನಂತೆ. ಸಾಹೇಬರು ಬೇಡವೆಂದರಂತೆ. ಗುರುವಾರ ಅವನು ಮಂಡಿನೋವಿನ ಬಗ್ಗೆ ಮಾತಾಡಿದ, ಶುಕ್ರವಾರ ನನ್ನ ಮದುವೆಯ ಬಗ್ಗೆ. ಶನಿವಾರ ಅಮ್ಮನಿಗೆ ಜ್ವರ ಬಂತು.

ಸಹಿ ಬಿದ್ದದ್ದು ಏಳನೆಯ ದಿನ, ಭಾನುವಾರ. ಅದಾಗಿ ಹದಿನೆಂಟು ಗಂಟೆಗೆ ಸುದ್ದಿ ಹೊರಗೆ ಹೋಯಿತು, ಗೇಟು ಮುಚ್ಚಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಮಂಗಳವಾರ ಅಮ್ಮ ಹೋದಳು. ಉಪ್ಪು ತಿಂದವರು ಯಾರೋ, ನೀರು ಕುಡಿದವಳು ನನ್ನ ಅಮ್ಮ. ತಂಗಿಯ ಮಣ್ಣಿಗೆ ಬರಲು ಮಾವನಿಗೆ ಪರವಾನಗಿ ಸಿಗಲಿಲ್ಲ. ಅವನೇ ಕಾಯುವ ಗೇಟು ಅವನನ್ನು ಬಿಡಲಿಲ್ಲ, ಬಿಡದಿದ್ದದ್ದೇ ಒಳ್ಳೆಯದಾಯಿತು.

ಮರುವರ್ಷ ಗೇಟು ತೆರೆದ ದಿನವೇ ಬಂದ. ಕೈಯಲ್ಲಿ ಇಲಾಖೆ ಕೊಟ್ಟ ಪ್ರಶಸ್ತಿಪತ್ರ: ಗಡುವಿಗೆ ಆರು ಗಂಟೆ ಮೊದಲೇ ವರದಿ ಕಳಿಸಿದ ಕಚೇರಿ. ಇದನ್ನು ಹರಿದುಹಾಕು ಎಂದು ನನ್ನ ಮುಂದೆ ಹಿಡಿದ. ಆ ಪುಣ್ಯದ ಕೆಲಸವನ್ನೂ ನನ್ನಿಂದಲೇ ಮಾಡಿಸಬೇಕಿತ್ತು ಅವನಿಗೆ. ನಾನು ಮುಟ್ಟಲಿಲ್ಲ.

"ತಂಗಿಗೂ ಹೇಳಬಾರದು ಅಂತ ನಿಮ್ಮ ನಿಯಮದಲ್ಲಿ ಬರೆದಿತ್ತಾ ಮಾವ?"

ಅವನು ಯೋಚಿಸಿದ. ಆಗಲೂ ಸುಳ್ಳು ಹೇಳಲಿಲ್ಲ.

"ಹಾಗೇನೂ ಬರೆದಿರಲಿಲ್ಲ ಕಣಮ್ಮ. ಹೇಳು ಅಂತಾನೂ ಬರೆದಿರಲಿಲ್ಲ."

ಈಗ ನಿವೃತ್ತಿಯಾಗಿದ್ದಾನೆ. ಸಂಜೆ ಆರಕ್ಕೆ ಈಗಲೂ ಫೋನು ಮಾಡುತ್ತಾನೆ. ಒಂದು ಸಲ ಬಂದು ಹೋಗಲಾ ಎಂದು ಕೇಳುತ್ತಾನೆ. ಕೇಳಿ ಹೇಳ್ತೀನಿ ಅನ್ನುತ್ತೇನೆ. ಈ ಮನೆಯಲ್ಲಿ ಕೇಳುವುದಕ್ಕೆ ನನ್ನ ಬಿಟ್ಟರೆ ಯಾರೂ ಇಲ್ಲವೆಂದು ಅವನಿಗೂ ಗೊತ್ತು.