ಬಿಳಿಯ ಹೆಸರು, ಕಪ್ಪು ಹಾಳೆ

ನಾನು ಡಿಗ್ರಿ ಮಾಡುವುದು ಆಗದ ಮಾತು ಎಂದು ಮೊದಲು ಹೇಳಿದವರು ಗಾಯತ್ರಿ ಆಂಟಿ. ಆ ದಿನಗಳಲ್ಲಿ ನಾವು ಸ್ವೀಡನ್ನಿನ ಟ್ರೋಲ್‌ಹೆಟ್ಟನ್ನಿಗೆ ಬಂದು ಇನ್ನೂ ಒಂದು ಚಳಿಗಾಲ ಕಳೆದಿರಲಿಲ್ಲ. ಯುಗಾದಿಗೆಂದು ಸುತ್ತಲಿನ ಕನ್ನಡದವರೆಲ್ಲ ಗೋಥೆನ್‌ಬರ್ಗಿನ ಒಂದು ಬಾಡಿಗೆ ಹಾಲಿನಲ್ಲಿ ಸೇರಿದ್ದೆವು. ಹೊರಗೆ ಅರ್ಧ ಕರಗಿದ ಹಿಮ, ಒಳಗೆ ಹೋಳಿಗೆಯ ಘಮ. ಬೇವಿನ ಸೊಪ್ಪು ಸಿಗದೆ ಯಾರೋ ಬೇವಿನ ಮಾತ್ರೆಯನ್ನು ಬಿಚ್ಚಿ ಪುಡಿಯನ್ನು ಬೆಲ್ಲಕ್ಕೆ ಬೆರೆಸಿದ್ದರು. ಅಲ್ಲಿದ್ದ ಗಂಡಸರೆಲ್ಲ ಎಂಜಿನಿಯರುಗಳು, ಹೆಂಗಸರಲ್ಲೂ ಮುಕ್ಕಾಲು ಪಾಲು ಎಂಜಿನಿಯರುಗಳು. ನನ್ನ ಅಪ್ಪ ಐಟಿಐ ಮಾಡಿದ ಟರ್ನರ್. ಹರಿಹರದಿಂದ ಪೀಣ್ಯಕ್ಕೆ, ಪೀಣ್ಯದಿಂದ ಇಲ್ಲಿಯ ವಿಮಾನದ ಎಂಜಿನ್ ಕಾರ್ಖಾನೆಗೆ ಕೈಕೆಲಸವನ್ನೇ ನಂಬಿ ಬಂದವರು. ಅಮ್ಮ ಓದಿದ್ದು ಎಸ್ಸೆಸ್ಸೆಲ್ಸಿ.

ಗಾಯತ್ರಿ ಆಂಟಿ ಕೆಟ್ಟವರಲ್ಲ. ಹೋಳಿಗೆಗೆ ತುಪ್ಪ ಸುರಿಯುತ್ತಲೇ ಕೇಳಿದರು. "ಮಗಳನ್ನ ಯಾವ ಸ್ಕೂಲಿಗೆ ಹಾಕಿದೀರಿ?"

"ಇಲ್ಲೇ, ಕೊಮ್ಯೂನಿನ ಸ್ಕೂಲು, ಮುನ್ಸಿಪಾಲ್ಟಿದು. ಮನೆ ಹತ್ರ ಇದೆ," ಅಂದರು ಅಮ್ಮ.

"ಅಂದ್ರೆ ಸ್ವೀಡಿಷ್ ಮೀಡಿಯಮ್ಮಾ? ಅಲ್ಲ ರೀ, ಹನ್ನೊಂದು ವರ್ಷದ ಮಗು ಈಗ ಅಆಇಈ ಶುರು ಮಾಡಿ, ಅದ್ರಲ್ಲೇ ಓದಿ, ಅದ್ರಲ್ಲೇ ಡಿಗ್ರಿ ಮಾಡೋದು ಆಗೋ ಕೆಲಸಾನಾ? ನಾಳೆ ವಾಪಸ್ ಹೋದ್ರೆ ಅಲ್ಲಿಗೂ ಸಲ್ಲಲ್ಲ. ಮನೇಲಿ ಹೇಳಿಕೊಡೋಣ ಅಂದ್ರೆ ನೀವಿಬ್ರೂ..." ಅಷ್ಟಕ್ಕೆ ನಿಲ್ಲಿಸಿ, "ಬೇಜಾರ್ ಮಾಡ್ಕೋಬೇಡಿ, ಮನಸ್ಸಲ್ಲಿದ್ದದ್ದು ಹೇಳ್ದೆ," ಎಂದು ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು.

ವಾಪಸಾಗುವಾಗ ರೈಲಿನಲ್ಲಿ ಅಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದರು. ಇಳಿಯುವ ಹೊತ್ತಿಗೆ, "ಹೋಳಿಗೆ ಮಾತ್ರ ಮೆತ್ತಗಿತ್ತು," ಅಂದರು.

ನಾನು ಆಗ ಇದ್ದದ್ದು ತಯಾರಿ ತರಗತಿಯಲ್ಲಿ. ಹೊಸದಾಗಿ ಬಂದ ಮಕ್ಕಳಿಗೆ ಭಾಷೆ ಕಲಿಸಿ ಮಾಮೂಲಿ ತರಗತಿಗೆ ಕಳಿಸುವ ಕೋಣೆ ಅದು. ನಮ್ಮ ಟೀಚರ್ ಬಿರ್ಗಿಟ್ಟಾ. ಇಲ್ಲಿ ಟೀಚರನ್ನು ಹೆಸರು ಹಿಡಿದೇ ಕರೆಯಬೇಕು. ಅಮ್ಮನಿಗೆ ಅದು ಕೇಳಿದರೇ ಮೈ ಜುಮ್ಮೆನ್ನುತ್ತಿತ್ತು, ಮನೆಯಲ್ಲಿ "ಬಿರ್ಗಿಟ್ಟಾ ಮೇಡಂ" ಎನ್ನದೆ ಬಿಡುತ್ತಿರಲಿಲ್ಲ. ನನ್ನ ಪಕ್ಕ ರೊಮೇನಿಯಾದ ಮಿಹಾಯ್, ಹಿಂದೆ ಕೊಲಂಬಿಯಾದ ಕಮಿಲಾ. ಗುರುವಾರ ಊಟಕ್ಕೆ ಬಟಾಣಿ ಸೂಪು, ಜತೆಗೆ ಜಾಮು ಹಚ್ಚಿದ ಪ್ಯಾನ್‌ಕೇಕು. ಸೂಪಿನಲ್ಲಿ ಹಂದಿಮಾಂಸ ಇರುತ್ತಿದ್ದುದರಿಂದ ನನಗೆ ಪ್ಯಾನ್‌ಕೇಕೇ ಗತಿ. ಸಿಹಿ ದೋಸೆ ಅಂದುಕೊಂಡು ನಾಲ್ಕು ತಿನ್ನುತ್ತಿದ್ದೆ. ಹಿಮ ಕರಗಿ ಅಂಗಳ ಕಂಡ ದಿನ ನಾನು ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆ ಬರೆದೆ. ಕಮಿಲಾ ನೋಡಿ, ಒಂದು ಮಾತೂ ಕೇಳದೆ, ಕಲ್ಲು ಎಸೆದು ಕುಂಟತೊಡಗಿದಳು. ಆಟಕ್ಕೆ ಭಾಷೆ ಬೇಕಿರಲಿಲ್ಲ. ಕಷ್ಟವಿದ್ದದ್ದು ತರಗತಿಯ ಒಳಗೆ. ಓದುತ್ತಿದ್ದೆ, ಬರೆಯುತ್ತಿದ್ದೆ. ಎದ್ದು ನಿಂತು ಮಾತಾಡು ಅಂದರೆ ಮಾತ್ರ ಬಾಯಿಗೆ ಬೀಗ.

ಏಪ್ರಿಲಿನಲ್ಲಿ ಅಪ್ಪ ಅಮ್ಮನಿಗೆ ಶಾಲೆಯಿಂದ ಕರೆ ಬಂತು. ಮಗುವಿನ ಓದಿನ ಬಗ್ಗೆ ಮಗುವನ್ನೂ ಕೂರಿಸಿಕೊಂಡು ಮಾತಾಡುವುದು, ಅರ್ಧ ಗಂಟೆ. ಅಮ್ಮ ರೇಷ್ಮೆ ಸೀರೆ ಉಟ್ಟು, ಮೇಲೆ ದಪ್ಪ ಕೋಟು ತೊಟ್ಟು, ಬೀರುವಿನಿಂದ ಮದುವೆಯ ಆಲ್ಬಂ ತೆಗೆದು ಚೀಲಕ್ಕೆ ಹಾಕಿದರು.

"ಅದನ್ನ ಯಾಕೇ ಹೊತ್ಕೊಂಡು ಬರ್ತೀಯ?" ಅಂದರು ಅಪ್ಪ.

"ನಮ್ಮ ಸಹನಾ ಎಂಥ ಮನೆ ಹುಡುಗಿ ಅಂತ ಅವ್ರಿಗೆ ಗೊತ್ತಾಗ್ಬೇಡ್ವಾ?"

"ಅವ್ರು ಕರ್ದಿರೋದು ಓದಿನ ವಿಷಯಕ್ಕೆ."

"ನಿಮಗೆ ಗೊತ್ತಾಗಲ್ಲ, ಸುಮ್ನೆ ಬನ್ನಿ."

ಅಮ್ಮನ ಕಷ್ಟ ನಿಮಗೆ ಅರ್ಥವಾಗಬಹುದು. ಪೀಣ್ಯದ ನಮ್ಮ ಮನೆಗೆ ಯಾರು ಬಂದರೂ, ಗ್ಯಾಸ್ ಸಿಲಿಂಡರಿನವನನ್ನು ಬಿಟ್ಟು, ಮೊದಲು ತೊಡೆಯ ಮೇಲೆ ಆಲ್ಬಂ, ಆಮೇಲೆ ಕೈಗೆ ಕಾಫಿ. ಇಲ್ಲಿ ಹೇಳದೆ ಕೇಳದೆ ಯಾರೂ ಬರುವುದಿಲ್ಲ. ಫೀಕಾಕ್ಕೆ, ಅಂದರೆ ಕಾಫಿ ತಿಂಡಿಗೆ, ಕರೆದರೆ ಡೈರಿ ತೆಗೆದು ಮೂರು ವಾರದ ಆಚೆಯ ದಿನ ಹೇಳುತ್ತಾರೆ. ವಿಮಾನದಲ್ಲಿ ಅಷ್ಟು ಭಾರ ಹೊತ್ತು ತಂದ ಆಲ್ಬಂ, ನೋಡುವವರಿಲ್ಲದೆ ಚಳಿಗಾಲವಿಡೀ ಬೀರುವಿನಲ್ಲಿ ಮಲಗಿತ್ತು.

ಬಿರ್ಗಿಟ್ಟಾ ನಿಧಾನವಾಗಿ, ಸರಳವಾದ ಇಂಗ್ಲಿಷಿನಲ್ಲಿ ಹೇಳಿದರು. ಸಹನಾ ಜಾಣೆ, ಆದರೆ ಮಾತಾಡುವುದಿಲ್ಲ. ಮಾತಾಡದೆ ಆರನೇ ತರಗತಿಗೆ ಹೋದರೆ ಮುಳುಗಿಹೋಗುತ್ತಾಳೆ. ಇನ್ನೊಂದು ವರ್ಷ ಇಲ್ಲೇ ಇರಲಿ. ಅಪ್ಪನಿಗೆ ಪೂರ್ತಿ ಅರ್ಥವಾಯಿತು ಎಂದು ನನಗೆ ಗೊತ್ತಾದದ್ದು ಅವರ ಕೈ ನೋಡಿ. ಟೋಪಿಯನ್ನು ಬಿಗಿಯಾಗಿ ಹಿಂಡುತ್ತಿದ್ದರು. ನನ್ನ ವಯಸ್ಸಿನವರೆಲ್ಲ ಮುಂದೆ, ನಾನು ಹಿಂದೆ. ಆ ವರ್ಷ ಹೋದರೆ ಮುಂದಿನದೂ ಹೋಗುತ್ತದೆ, ಗಾಯತ್ರಿ ಆಂಟಿಯ ಮಾತೇ ನಿಜವಾಗುತ್ತದೆ ಅಂದುಕೊಂಡೆ.

ಅಮ್ಮನಿಗೆ ಇಂಗ್ಲಿಷಿನ ಒಂದು ಮಾತೂ ತಲೆಗೆ ಹೋಗಿರಲಿಲ್ಲ. ಮಾತು ನಿಂತ ಕೂಡಲೇ ಇದೇ ಸಮಯವೆಂದು ಚೀಲದಿಂದ ಆಲ್ಬಂ ತೆಗೆದು, ಮೇಜಿನ ಮೇಲಲ್ಲ, ನೇರವಾಗಿ ಬಿರ್ಗಿಟ್ಟಾರ ತೊಡೆಯ ಮೇಲೆ ಇಟ್ಟರು.

ಬಿರ್ಗಿಟ್ಟಾ ಗಡಿಯಾರ ನೋಡಿದರು. ಆಮೇಲೆ ಮೊದಲ ಪುಟ ತಿರುಗಿಸಿದರು.

"ಇದಕ್ಕೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ?" ಎಂದು ನನ್ನನ್ನು ಸ್ವೀಡಿಷಿನಲ್ಲಿ ಕೇಳಿದರು.

"ಆಲ್ಬಂ."

"ಅದು ನಾವು ಅನ್ನುವುದು. ನಿಮ್ಮದು?"

"ನಮ್ಮದೂ ಆಲ್ಬಂ." ಅಮ್ಮನನ್ನು ಕೇಳಿದೆ. ಅಮ್ಮ, "ಆಲ್ಬಂ ಕನ್ನಡವೇ ಅಲ್ವೇನೇ? ನಮ್ಮಜ್ಜಿನೂ ಆಲ್ಬಂ ಅಂತಾನೇ ಅಂತಿದ್ರು," ಅಂದರು.

ಬಿರ್ಗಿಟ್ಟಾ ನಕ್ಕು, ಕಪಾಟಿನಿಂದ ದಪ್ಪನೆಯ ಪದಕೋಶ ತೆಗೆದು ತೋರಿಸಿದರು. ಆಲ್ಬುಸ್ ಎಂದರೆ ಲ್ಯಾಟಿನ್ನಿನಲ್ಲಿ ಬಿಳಿ. ರೋಮಿನಲ್ಲಿ ಊರ ನಡುವೆ ಬಿಳಿ ಬಳಿದ ಹಲಗೆ ಇಟ್ಟು, ಜನರಿಗೆ ತಿಳಿಸಬೇಕಾದ್ದನ್ನು ಅದರ ಮೇಲೆ ಬರೆಯುತ್ತಿದ್ದರಂತೆ. ಆ ಬಿಳಿ ಹಲಗೆಯೇ ಆಲ್ಬಂ. ಅಮ್ಮನಿಗೆ ಹೇಳಿದೆ.

"ಬಿಳಿಯಂತಾ? ನಮ್ಮ ಆಲ್ಬಮ್ಮಿನ ಹಾಳೆ ಕಪ್ಪಲ್ವಾ. ಸರಿಯಾಗಿ ನೋಡೋಕೆ ಹೇಳು."

ನಾನು ಹಾಗೇ ಹೇಳಿದೆ. ತಪ್ಪೋ ಸರಿಯೋ, ಇಡೀ ಒಂದು ವಾಕ್ಯ, ಯಾರೂ ಒತ್ತಾಯ ಮಾಡದೆ. ಬಿರ್ಗಿಟ್ಟಾ ನನ್ನನ್ನೇ ನೋಡಿದರು. "ಮೇ ಕೊನೆಯಲ್ಲಿ ಈ ಪದದ ಬಗ್ಗೆ ಹತ್ತು ನಿಮಿಷ ಮಾತಾಡುತ್ತೀಯಾ? ಆರನೇ ತರಗತಿಯ ಟೀಚರನ್ನೂ ಕರೆಯುತ್ತೇನೆ. ಆಮೇಲೆ ತೀರ್ಮಾನ ಮಾಡೋಣ."

ಆ ವಸಂತವಿಡೀ ನಾನು ಒಂದೇ ಪದದ ಹಿಂದೆ ಓಡಾಡಿದೆ. ಕಾಡಿನಂಚಿನಲ್ಲಿ ಪುಟ್ಟ ಬಿಳಿ ಹೂಗಳು ಹಾಸಿಕೊಂಡಿದ್ದವು. ಕಾಲುವೆಯಲ್ಲಿ ದೋಣಿಗಳನ್ನು ಏರಿಸಿ ಇಳಿಸುವ ಲಾಕಿನ ಹತ್ತಿರ ದೋಣಿಗಳಿಗೆ ಹೊಸ ಬಣ್ಣ ಬಳಿಯುವ ವಾಸನೆ. ಮಿಹಾಯ್ ಎದೆಯುಬ್ಬಿಸಿ, "ನಮ್ಮಲ್ಲಿ ಬಿಳಿ ಅಂದ್ರೇನೇ ಆಲ್ಬ್. ಹಾಲೂ ಆಲ್ಬ್, ಹಿಮವೂ ಆಲ್ಬ್," ಅಂದ. ಕಮಿಲಾಳ ಭಾಷೆಯಲ್ಲಿ ಬಿಳಿಗೆ ಬೇರೆ ಹೆಸರು, ಆದರೆ ಬೆಳಗಿನ ಜಾವಕ್ಕೆ ಆಲ್ಬಾ. ಮಿಹಾಯ್ ಬಿಡುತ್ತಾನೆಯೇ? "ನೀವು ಕಳ್ಕೊಂಡ್ರಿ, ನಾವು ಇಟ್ಕೊಂಡ್ವಿ," ಎಂದು ಛೇಡಿಸಿದ. "ನಿನ್ನ ಹತ್ರ ಬರೀ ಹಾಲಿನ ಬಣ್ಣ ಇದೆ, ನನ್ನ ಹತ್ರ ಸೂರ್ಯ ಹುಟ್ಟೋದೇ ಇದೆ," ಅಂದಳು ಕಮಿಲಾ. ಬಿರ್ಗಿಟ್ಟಾ ಹೇಳಿದರು, ಲ್ಯಾಟಿನ್ನಿಗೆ ಹುಟ್ಟಿದ ಭಾಷೆಗಳಲ್ಲಿ ಹೆಚ್ಚಿನವು ಬಿಳಿಗೆ ಜರ್ಮನ್ನರ ಕಡೆಯ ಪದ ತಂದುಕೊಂಡವು, ಹಳೆಯದನ್ನು ಅಲ್ಲೊಂದು ಇಲ್ಲೊಂದು ಮೂಲೆಯಲ್ಲಿಟ್ಟವು. ಇಲ್ಲಿಯ ಚರ್ಚಿನಲ್ಲಿ ಮಕ್ಕಳು ತೊಡುವ ಬಿಳಿ ನಿಲುವಂಗಿಗೂ ಆಲ್ಬಾ ಎಂದೇ ಹೆಸರು.

ಮನೆಯಲ್ಲಿ ಇದನ್ನೆಲ್ಲ ಹೇಳುತ್ತಿದ್ದರೆ ಅಮ್ಮ ಒಗ್ಗರಣೆ ಹಾಕುತ್ತಾ ಕೇಳುತ್ತಿದ್ದರು. ಒಗ್ಗರಣೆ ಅಂದರೆ ನಮ್ಮ ಮನೆಯಲ್ಲಿ ಮೂವರ ಕೆಲಸ. ಅಮ್ಮ ಸಾಸಿವೆ ಹಾಕಬೇಕು, ನಾನು ಕಿಟಕಿ ತೆಗೆಯಬೇಕು, ಅಪ್ಪ ಹೊಗೆಯ ಅಲಾರಂ ಕೂಗದ ಹಾಗೆ ಟವೆಲ್ ಬೀಸಬೇಕು. ಮೊಟ್ಟೆಯ ಬಿಳಿಯಿಂದ ಆಲ್ಬುಮಿನ್ ಎಂಬ ಪದ ಬಂದಿದೆ ಅಂದೆ. ಅಮ್ಮ ಸೌಟು ಹಿಡಿದೇ ತಿರುಗಿದರು.

"ಅದು ನಂಗೆ ಗೊತ್ತು. ನೀನು ಹೊಟ್ಟೇಲಿದ್ದಾಗ ತಿಂಗಳು ತಿಂಗಳು ಆಸ್ಪತ್ರೇಲಿ ಮೂತ್ರ ನೋಡಿ ಆಲ್ಬುಮಿನ್ ಇದೆಯಾ ಇಲ್ವಾ ಅಂತ ಚೀಟಿ ಕೊಡ್ತಿದ್ರು. ಇಲ್ಲ ಅಂತ ಬಂದ್ರೆ ನಿಮ್ಮಪ್ಪ ಖುಷೀಲಿ ಮಸಾಲೆದೋಸೆ ಕೊಡಿಸ್ತಿದ್ರು."

"ಕೊಡಿಸ್ಲೇಬೇಕಿತ್ತು, ಬಿಡ್ತಿದ್ಯಾ?" ಅಂದರು ಅಪ್ಪ ಟವೆಲ್ ಬೀಸುತ್ತಾ.

ಲ್ಯಾಟಿನ್ನಿನ ಬಿಳಿ ಪೀಣ್ಯದ ಆಸ್ಪತ್ರೆಯವರೆಗೂ ಬಂದಿತ್ತು, ನನಗಿಂತ ಮೊದಲೇ. ಅದು ಹೇಗೆ ಬಂತು ಎಂದು ನಾನೇ ಲೆಕ್ಕ ಹಾಕಿಕೊಂಡೆ. ಪಾದ್ರಿಗಳ ಅಂಗಿಯಲ್ಲಿ ಒಂದು ಹೊರಟಿತು, ವೈದ್ಯರ ಪುಸ್ತಕದಲ್ಲಿ ಇನ್ನೊಂದು. ಜರ್ಮನಿಯ ವಿದ್ಯಾರ್ಥಿಗಳು ಖಾಲಿ ಹಾಳೆಯ ಪುಸ್ತಕ ಹಿಡಿದು ಸ್ನೇಹಿತರಿಂದ ಬರೆಸಿಕೊಳ್ಳುತ್ತಿದ್ದರಂತೆ, ಅದೂ ಆಲ್ಬಂ. ಆಮೇಲೆ ಅದರೊಳಗೆ ಅಂಚೆಚೀಟಿ ಬಂತು, ಫೋಟೋ ಬಂತು, ಹಾಡಿನ ತಟ್ಟೆಗಳು ಬಂದವು. ನಮ್ಮ ಮನೆಗೆ ಬಂದದ್ದು ಹರಿಹರದ ಒಂದು ಫೋಟೋ ಸ್ಟುಡಿಯೋದಿಂದ.

ಮಾತಾಡುವ ದಿನ ಬಂತು. ಆರನೇ ತರಗತಿಯ ಟೀಚರ್, ಉದ್ದನೆಯ ಮನುಷ್ಯ, ಹೆಸರು ಲೆನ್ನಾರ್ಟ್, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತಿದ್ದರು. ನಾನು ಎದ್ದು ನಿಂತೆ. ಬಾಯಿಪಾಠ ಮಾಡಿದ್ದ ಮೊದಲ ವಾಕ್ಯ ಎಲ್ಲಿ ಹೋಯಿತೋ. ಎಲ್ಲರೂ ಕಾಯುತ್ತಿದ್ದರು. ಮಿಹಾಯ್ ತುಟಿಯಲ್ಲೇ "ಆಲ್ಬ್, ಆಲ್ಬ್" ಎನ್ನುತ್ತಿದ್ದ.

ಮೇಜಿನ ಮೇಲೆ ನಾನು ಮನೆಯಿಂದ ತಂದಿದ್ದ ಅಮ್ಮನ ಆಲ್ಬಂ ಇತ್ತು. ಏನು ಮಾಡುತ್ತಿದ್ದೇನೆ ಎಂದು ಯೋಚಿಸಲಿಲ್ಲ. ಎತ್ತಿಕೊಂಡು ಹೋಗಿ ಲೆನ್ನಾರ್ಟರ ತೊಡೆಯ ಮೇಲೆ ಇಟ್ಟೆ. ಪಕ್ಕದಲ್ಲಿ ಮಂಡಿಯೂರಿ ಕೂತೆ. ತಿಳುವಳಿಕೆ ಬಂದಾಗಿನಿಂದ ಅಮ್ಮ ಮಾಡುವುದನ್ನು ನೋಡಿದ್ದೆನಲ್ಲ, ಆಲ್ಬಂ ತೊಡೆಯ ಮೇಲೆ ಬಂತೆಂದರೆ ಪುಟ ತಿರುವಬೇಕು, ಬೆರಳಿಡಬೇಕು, ಹೇಳಬೇಕು.

"ಇವರು ನನ್ನ ಅಮ್ಮನ ತಂಗಿ," ಅಂದೆ. ಸ್ವೀಡಿಷಿನಲ್ಲಿ ಅದಕ್ಕೆ ಮುಸ್ತೆರ್. "ಇವರು ಅಮ್ಮನ ಅಣ್ಣ, ಇವರು ಅಪ್ಪನ ಅಕ್ಕ." ಈ ಭಾಷೆಯಲ್ಲೂ ನಮ್ಮ ಹಾಗೆಯೇ ಚಿಕ್ಕಮ್ಮನಿಗೆ ಒಂದು ಹೆಸರು, ಸೋದರತ್ತೆಗೆ ಇನ್ನೊಂದು, ಸೋದರಮಾವನಿಗೆ ಮತ್ತೊಂದು. ಎಲ್ಲರನ್ನೂ ಆಂಟಿ ಅಂಕಲ್ ಎಂದು ಒಂದೇ ಚೀಲಕ್ಕೆ ತುಂಬುವುದಿಲ್ಲ. ನೆಂಟರಿಂದ ಸುರುವಾದ ಮಾತು ನೆಂಟರ ಮೇಲೆಯೇ ನಡೆದು ಪದಕ್ಕೆ ಬಂತು. ಆಲ್ಬಮ್ಮಿಗೂ ನೆಂಟರಿದ್ದಾರೆ, ಅಂದೆ. ಮಿಹಾಯ್ ಎದ್ದು ಆಲ್ಬ್ ಎಂದ. ಕಮಿಲಾ ಆಲ್ಬಾ ಎಂದಳು. ನಿಲುವಂಗಿ ಬಂತು, ಮೊಟ್ಟೆ ಬಂತು, ಮಸಾಲೆದೋಸೆಯೂ ಬಂತು.

ಲೆನ್ನಾರ್ಟ್ ಪುಟ ಮುಟ್ಟಿ ಕೇಳಿದರು. "ಹಾಗಾದರೆ ನಿಮ್ಮ ಹಾಳೆ ಯಾಕೆ ಕಪ್ಪು?"

"ಹರಿಹರದ ಸ್ಟುಡಿಯೋದವರಿಗೆ ಲ್ಯಾಟಿನ್ ಬರೋದಿಲ್ಲ," ಅಂದೆ.

ಅವರು ನಕ್ಕ ರಭಸಕ್ಕೆ ಪುಟ್ಟ ಕುರ್ಚಿ ಕಿರುಗುಟ್ಟಿತು. ಹತ್ತು ನಿಮಿಷ ಎಂದೋ ದಾಟಿತ್ತು. "ಆಗಸ್ಟಿನಲ್ಲಿ ನನ್ನ ತರಗತಿಗೆ ಬಾ," ಅಂದರು. "ಉಳಿದ ನೆಂಟರನ್ನು ಆಗ ನೋಡುತ್ತೇನೆ."

ಮನೆಗೆ ಓಡಿ ಬಂದು ಹೇಳಿದೆ. ಅಪ್ಪ ಅಂಗಡಿಗೆ ಹೋಗಿ ಸ್ಟ್ರಾಬೆರಿ ತಂದರು. ಅಮ್ಮ ಕೇಳಿದ್ದು ಒಂದೇ. "ನನ್ನ ಧಾರೆ ಸೀರೆಯ ಫೋಟೋ ತೋರಿಸಿದ್ಯಾ?"

ಈಗ ಆ ತಯಾರಿ ತರಗತಿ ಇಲ್ಲ, ಹೊಸ ಮಕ್ಕಳನ್ನು ನೇರವಾಗಿ ಮಾಮೂಲಿ ತರಗತಿಗೇ ಕೂರಿಸುತ್ತಾರೆ. ಮಿಹಾಯ್ ಯಾವ ದೇಶದಲ್ಲಿದ್ದಾನೋ ತಿಳಿಯದು. ಅಮ್ಮನ ಫೋಟೋಗಳೆಲ್ಲ ಫೋನಿನಲ್ಲಿವೆ, ಅವರೂ ಬೆರಳಾಡಿಸಿ ಸರಸರ ಸರಿಸಿಬಿಡುತ್ತಾರೆ. ಫೀಕಾಕ್ಕೆ ಡೈರಿ ನೋಡಿ ದಿನ ಕೊಡುವವಳು ನಾನೂ ಆಗಿದ್ದೇನೆ. ಇಂದು ಯಾವ ಪದ ಬೇಕಾದರೂ ಒಂದು ಕ್ಷಣದಲ್ಲಿ ಹುಡುಕಿಕೊಳ್ಳುತ್ತೇನೆ, ಆದರೆ ಒಂದೇ ಪದಕ್ಕಾಗಿ ಒಂದು ವಸಂತವನ್ನೇ ಕೊಡುವಷ್ಟು ಪದಗಳ ಬಡತನ ನನ್ನಲ್ಲಿ ಉಳಿದಿಲ್ಲ. ಕಳೆದುಕೊಂಡದ್ದರಲ್ಲಿ ದೊಡ್ಡದು ಅದೇ ಅನ್ನಿಸುತ್ತದೆ.

ಇಲ್ಲಿ ಮೊದಲ ಪದವಿಗೆ ಕಂದಿದಾತ್ ಎನ್ನುತ್ತಾರೆ. ಅದೂ ಲ್ಯಾಟಿನ್ನಿನದೇ, ಇನ್ನೊಂದು ಬಿಳಿ. ಆಲ್ಬುಸ್ ಮಂಕು ಬಿಳಿಯಾದರೆ ಕಂದಿದುಸ್ ಹೊಳೆಯುವ ಬಿಳಿ. ರೋಮಿನಲ್ಲಿ ಅಧಿಕಾರಕ್ಕೆ ನಿಲ್ಲುವವರು ಬೆಳ್ಳಗೆ ಹೊಳೆಯುವ ಬಟ್ಟೆ ಉಟ್ಟು ಜನರ ಮುಂದೆ ಬರುತ್ತಿದ್ದರು. ನಮ್ಮ ಎಲೆಕ್ಷನ್ ಕ್ಯಾಂಡಿಡೇಟುಗಳು ಅದನ್ನು ಇನ್ನೂ ಬಿಟ್ಟಿಲ್ಲ. ಚಂದ್ರ ಎಂಬ ಹೆಸರಿಗೂ ಅದು ದೂರದ ನಂಟಂತೆ. ನಮ್ಮ ಎರಡೂ ಕಡೆಯ ಮನೆತನದಲ್ಲಿ ಮೊದಲ ಪದವಿ ನನ್ನದು, ಸ್ವೀಡಿಷಿನಲ್ಲೇ ಓದಿ ಮಾಡಿದ್ದು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಪದವಿ ಕೊಡುವ ಜೂನಿನ ಆ ದಿನಕ್ಕೆಂದೇ ಅಪ್ಪನ ತಾಯಿ, ಓದು ಬರಹ ಬಾರದ ನನ್ನ ಅಜ್ಜಿ, ಮೊದಲ ಸಲ ವಿಮಾನ ಹತ್ತಿ ಹರಿಹರದಿಂದ ಬಂದಿದ್ದರು. ವೇದಿಕೆಯ ಮೇಲೆ ನನ್ನ ಹೆಸರು ಕರೆದರು, ಪ್ರಮಾಣಪತ್ರ ಕೈಗಿಟ್ಟರು. ನಾನು ಇಳಿದು ಬಂದು ಅದನ್ನು ಅಜ್ಜಿಯ ಕೈಗೆ ಕೊಟ್ಟೆ. ಅವರು ಸೆರಗಿನಿಂದ ಕೈ ಒರೆಸಿಕೊಂಡು, ಹಿಡಿದು, ಮೇಲಿನಿಂದ ಕೆಳಗಿನವರೆಗೆ ಬೆರಳು ಸವರಿದರು. ನಾಲ್ಕು ಸಾಲು ಅಕ್ಷರ, ಕೆಳಗೊಂದು ಸಹಿ, ಮಿಕ್ಕದ್ದೆಲ್ಲ ಖಾಲಿ.

"ಇಷ್ಟೊಂದು ಬಿಳಿ ಜಾಗ ಹಂಗೇ ಬಿಟ್ಟಾರಲ್ಲವ್ವಾ," ಅಂದರು ಅಜ್ಜಿ. "ಅಂದ್ರ ನಿಂದು ಇನ್ನೂ ಬರಿಯೋದು ಭಾಳ ಐತಿ."