ಊರು ನೋಡುವ ಶಾಸ್ತ್ರ

ನನ್ನಲ್ಲೊಂದು ದುರ್ಗುಣವಿದೆಯೆಂದು ನನ್ನ ಹೆಂಡತಿ ಸುಮಿತ್ರೆ ಮದುವೆಯಾದಂದಿನಿಂದ ಹೇಳುತ್ತ ಬಂದಿದ್ದಾಳೆ. ಅದು ದುರ್ಗುಣವಲ್ಲ, ಜ್ಞಾಪಕಶಕ್ತಿ ಎಂಬುದು ನನ್ನ ವಾದ. ಯಾರು, ಎಲ್ಲಿ, ಯಾವ ಸ್ವರದಲ್ಲಿ ನನ್ನನ್ನು ಹಗುರವಾಗಿ ಕಂಡರು ಎಂಬುದನ್ನು ನಾನು ಮರೆಯುವುದಿಲ್ಲ. ಜರ್ಮನಿಯ ಇಂಗೋಲ್‌ಸ್ಟಾಟ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಬೇಕರಿಯ ಹೆಂಗಸೊಬ್ಬಳು ನನ್ನ ಹಿಂದೆ ನಿಂತಿದ್ದವನಿಗೆ ಮೊದಲು ಬ್ರೆಡ್ ಕೊಟ್ಟಳು. ಅವಳ ಏಪ್ರನ್ನಿನ ಬಣ್ಣವನ್ನು ಇಂದಿಗೂ ಹೇಳಬಲ್ಲೆ. ಕಚೇರಿಯ ಮೀಟಿಂಗಿನಲ್ಲಿ ನಾನು ಹೇಳಿದ ಉಪಾಯವನ್ನೇ ಹತ್ತು ನಿಮಿಷಗಳ ನಂತರ ಇನ್ನೊಬ್ಬ ತನ್ನದೆಂಬಂತೆ ಹೇಳಿ ಶಹಭಾಸ್ ಗಿಟ್ಟಿಸಿದ. ಅವನು ನಿವೃತ್ತನಾದ ದಿನ ಹಂಚಿದ ಕೇಕನ್ನು ನಾನು ಮುಟ್ಟಲಿಲ್ಲ. ಸುಮಿತ್ರೆಯ ಪ್ರಕಾರ ಅವನಿಗೆ ಅದು ಗೊತ್ತೇ ಆಗಿರಲಿಕ್ಕಿಲ್ಲ. ಇರಬಹುದು. ಕೇಕಿಗೆ ಗೊತ್ತಾಗಿದೆ.

ಹಾಗೆಂದು ನನ್ನನ್ನು ಪಕ್ಷಪಾತಿಯೆನ್ನಬೇಡಿ. ನನ್ನ ಸ್ಮರಣೆಯಲ್ಲಿ ಅಗ್ರಸ್ಥಾನ ಜರ್ಮನರಿಗೆ ಸಲ್ಲುವುದಿಲ್ಲ. ಮೈಸೂರಿನಲ್ಲಿ ಸುಮಿತ್ರೆಯನ್ನು ನೋಡಲು ಹೋದ ದಿನ ಅವಳ ಸೋದರತ್ತೆ ಉಪ್ಪಿಟ್ಟು ಕೇಸರಿಭಾತಿನ ತಟ್ಟೆಯನ್ನು ನನ್ನ ಮುಂದಿಟ್ಟು ಒಳಗೆ ಹೋಗಿ ಆಡಿದ ಮಾತು ಬಾಗಿಲ ಪರದೆಯನ್ನು ದಾಟಿ ನಿಚ್ಚಳವಾಗಿ ಕೇಳಿಸಿತ್ತು: "ಹುಡುಗ ಓದಿದಾನೆ, ಸರಿ ಕಣೇ. ಆದ್ರೆ ಕರೆಂಟು ಹೋದ್ರೆ ಹುಡುಕ್ಬೇಕಾಗತ್ತಲ್ಲೇ!" ಆಕೆಗೆ ಈಗ ತೊಂಬತ್ತು ವರ್ಷ. ಊರಿಗೆ ಹೋದಾಗಲೆಲ್ಲ ಕಾಲಿಗೆ ನಮಸ್ಕರಿಸುತ್ತೇನೆ. ಕ್ಷಮಿಸಿಲ್ಲ.

ಈ ವಿಷಯದಲ್ಲಿ ನಮ್ಮವರ ಪಾಂಡಿತ್ಯ ಅಪಾರ. ವಧೂವರರ ಜಾಹೀರಾತುಗಳನ್ನು ನೋಡಿ: ಗೋಧಿ ಬಣ್ಣ, ಎಣ್ಣೆಗೆಂಪು, ಸಾಧಾರಣ ಬಣ್ಣ ಎಂದು ಚರ್ಮದ ಛಾಯೆಗಳನ್ನು ನಾವು ವಿಂಗಡಿಸಿರುವಷ್ಟು ಸೂಕ್ಷ್ಮವಾಗಿ ಪೇಂಟಿನ ಕಂಪನಿಗಳೂ ವಿಂಗಡಿಸಿಲ್ಲ. ದೇವರ ಕೋಣೆಯಲ್ಲಿ ನೀಲಮೇಘಶ್ಯಾಮನಿಗೆ ಮಂಗಳಾರತಿ ಎತ್ತಿ, ಹಜಾರಕ್ಕೆ ಬಂದು ಕುಳಿತು ಗೋಧಿ ಬಣ್ಣದ ಅಳಿಯನನ್ನು ಹುಡುಕುವ ಜನ ನಾವು.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ಕಳೆದ ವಸಂತದಲ್ಲಿ ನಮ್ಮ ಮೇಲಿನ ಮಹಡಿಯ ದಂಪತಿಗಳು ನನ್ನಲ್ಲಿ ಒಂದು ಸಲಹೆ ಕೇಳಲು ಬಂದರು. ಕ್ವಾಮೆ ಮತ್ತು ಎಫುವಾ ಘಾನಾ ದೇಶದವರು. ಅವನು ಕಾರುಗಳಿಗೆ ಸಾಫ್ಟ್‌ವೇರ್ ಬರೆಯುತ್ತಾನೆ. ಅವಳು ಚಿಪ್ ತಯಾರಿಕೆಯಲ್ಲಿ ಡಾಕ್ಟರೇಟ್ ಪಡೆದವಳು. ಹಿರಿಯರನ್ನು ಹೆಸರು ಹಿಡಿದು ಕರೆಯಬಾರದೆಂಬ ಶಿಷ್ಟಾಚಾರ ಅವರಲ್ಲೂ ಇದೆಯಾದ್ದರಿಂದ ನಾವು ಮೊದಲಿನಿಂದಲೂ ಅವರಿಗೆ ಅಂಕಲ್ ಮತ್ತು ಆಂಟಿ. ಈ ದೇಶದಲ್ಲಿ ಹತ್ತು ವರ್ಷದ ಪೋರನೂ ನನ್ನನ್ನು ಹೆಸರಿನಿಂದ ಕರೆದಿದ್ದಾನೆ (ಅದೂ ನೆನಪಿದೆ). ಆದ್ದರಿಂದ ಆ ಒಂದು ಸಂಬೋಧನೆಗೇ ನಾನು ಕರಗಿ ಹೋಗಿದ್ದೆ.

ಡ್ರೆಸ್ಡೆನ್ನಿನ ಚಿಪ್ ಕಾರ್ಖಾನೆಯೊಂದರಿಂದ ಎಫುವಾಳಿಗೆ ಕರೆ ಬಂದಿತ್ತು. ಅವಳು ಇಷ್ಟು ವರ್ಷ ಓದಿದ್ದೇ ಆ ಬಗೆಯ ಕೆಲಸಕ್ಕಾಗಿ. ಕ್ವಾಮೆ ಮನೆಯಿಂದಲೇ ಕೆಲಸ ಮಾಡಬಹುದಿತ್ತು. ಒಂಬತ್ತು ದಿನಗಳ ನಂತರದ ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು. ಆದರೆ ದೇಶದ ಪೂರ್ವಭಾಗದ ಊರುಗಳಲ್ಲಿರುವ ವರ್ಣದ್ವೇಷದ ಬಗ್ಗೆ ಪತ್ರಿಕೆಗಳಲ್ಲಿ ಬರುವುದನ್ನೆಲ್ಲ ಓದಿ ಅವರು ಹಿಂಜರಿದಿದ್ದರು.

"ಅಂಕಲ್, ನಮ್ಮಂಥವರಿಗೆ ಆ ಊರು ಹೇಗೆ?" ಎಂದಳು ಎಫುವಾ. "ಇಂಟರ್ನೆಟ್ಟಿನಲ್ಲಿ ಕೇಳಿದೆ. ಅರ್ಧ ಜನ ಸ್ವರ್ಗ ಅಂತಾರೆ, ಅರ್ಧ ಜನ ಓಡಿಹೋಗು ಅಂತಾರೆ. ನಿಮಗೆ ಇಂಥದ್ದೆಲ್ಲ ಚೆನ್ನಾಗಿ ನೆನಪಿರುತ್ತದಲ್ಲ."

ನನ್ನ ಜ್ಞಾಪಕಶಕ್ತಿಗೆ ಕೊನೆಗೂ ಒಬ್ಬ ವಿದ್ಯಾವಂತೆ ಬೆಲೆ ಕೊಟ್ಟಿದ್ದಳು. ಕಾರ್ಯೋನ್ಮುಖನಾದೆ. ಡ್ರೆಸ್ಡೆನ್ನಿನಲ್ಲಿ ಸಂಶೋಧನೆ ಮಾಡುತ್ತಿರುವ, ನಮ್ಮ ಕನ್ನಡ ಬಳಗದ ಮಂಜುನಾಥನಿಗೆ ಫೋನು ಮಾಡಿದೆ.

"ಸೂಪರ್ ಊರು ಸರ್!" ಎಂದ. "ಇಂಡಿಯನ್ ಸ್ಟೋರ್ ಇದೆ, ಸೋನಾ ಮಸೂರಿ ಸಿಗತ್ತೆ, ಕರಿಬೇವು ಶುಕ್ರವಾರ ಬರತ್ತೆ. ಅನ್‌ಮೆಲ್ಡುಂಗ್‌ಗೆ ಅಪಾಯಿಂಟ್‌ಮೆಂಟ್ ಮಾತ್ರ ಬೇಗ ತಗೊಳ್ಳಕ್ಕೆ ಹೇಳಿ, ವಿಳಾಸ ರಿಜಿಸ್ಟರ್ ಆಗ್ದೆ ಏನೂ ನಡೆಯಲ್ಲ. ಬರ್ತಿರೋರು ಯಾವ ಕಡೆಯವ್ರು ಸರ್? ಮೈಸೂರಾ?"

"ಘಾನಾ."



"ಓ. ಹಾಗಾದ್ರೆ ನಂಗೊತ್ತಿಲ್ಲ ಸರ್," ಎಂದ, ಸ್ವರ ಇಳಿಸಿ. "ಸುಳ್ಳು ಹೇಳಲ್ಲ. ನಾವು ಹತ್ತು ಜನ ಒಟ್ಟಿಗೆ ಓಡಾಡ್ತೀವಿ, ಒಟ್ಟಿಗೆ ಬರ್ತೀವಿ. ಅವ್ರ ಕಥೆ ಏನು ಅಂತ ಯಾವತ್ತೂ ಕೇಳಿಲ್ಲ."

ಸಿಟ್ಟು ಮಾಡಲು ಸಿದ್ಧನಾಗಿದ್ದವನು ಥ್ಯಾಂಕ್ಸ್ ಹೇಳಿ ಫೋನಿಟ್ಟೆ. ಪ್ರಾಮಾಣಿಕರನ್ನು ಬೈಯುವುದು ನನಗೆ ಅಭ್ಯಾಸವಿಲ್ಲ.

ಉಪಾಯ ಸೂಚಿಸಿದವಳು ಸುಮಿತ್ರೆ. "ರೀ, ಹೆಣ್ಣು ಕೊಡುವಾಗ ಫೋನ್ ಮಾಡಿ ವಿಚಾರಿಸ್ತಾರಾ? ಹೋಗಿ ನೋಡ್ಬೇಕು." ನನ್ನ ತಂದೆ ಈ ಶಾಸ್ತ್ರದಲ್ಲಿ ನಿಷ್ಣಾತರಾಗಿದ್ದರು. ನನ್ನ ತಂಗಿಗೆ ಸಂಬಂಧ ಬಂದಾಗ ಅವರು ಗಂಡಿನ ಮನೆಗೆ ಹೋಗಲಿಲ್ಲ. ಯಾರಿಗೂ ಹೇಳದೆ ಗಂಡಿನ ಊರಿಗೆ ಹೋದರು. ಬೀದಿಯ ಕೊನೆಯ ಹೋಟೆಲಿನಲ್ಲಿ ಕಾಫಿ ಕುಡಿದರು, ಇಸ್ತ್ರಿ ಅಂಗಡಿಯವನ ಜೊತೆ ಹವಾಮಾನ ಮಾತಾಡಿದರು, ಬೇಕಿಲ್ಲದಿದ್ದರೂ ಕ್ಷೌರ ಮಾಡಿಸಿಕೊಂಡರು. ಸಂಜೆಗೆ ಹಿಂದಿರುಗಿ "ಕೊಡಬಹುದು" ಎಂದರು. ಆ ಮನೆಯವರು ಕಾಯುತ್ತಿರುವಾಗ ಹೋದರೆ ಕಾಣುವುದು ಹೊಸ ಸುಣ್ಣ ಮಾತ್ರ ಎಂಬುದು ಅವರ ಸಿದ್ಧಾಂತ.

ಈ ಪದ್ಧತಿಯನ್ನು ವಿವರಿಸಿದಾಗ ಕ್ವಾಮೆ ತೊಡೆ ತಟ್ಟಿ ನಕ್ಕ. ಅವನ ಅಜ್ಜಿಯೂ ಎಫುವಾಳ ಊರಿನ ಸಂತೆಗೆ ಟೊಮೇಟೊ ಕೊಳ್ಳುವ ನೆಪದಲ್ಲಿ ಹೋಗಿ ಬಂದಿದ್ದಳಂತೆ. ಅಲ್ಲಿಗೆ ತೀರ್ಮಾನವಾಯಿತು: ನಾಲ್ವರೂ ಶನಿವಾರ ರೈಲಿನಲ್ಲಿ ಹೊರಟು ಒಂದು ರಾತ್ರಿ ಉಳಿದು ಭಾನುವಾರ ವಾಪಸ್ಸು. ನಾನು ಇಪ್ಪತ್ತಮೂರು ಪ್ರಶ್ನೆಗಳ ಪಟ್ಟಿ ತಯಾರಿಸಿದೆ. ಸುಮಿತ್ರೆ ಪುಳಿಯೋಗರೆ ತಯಾರಿಸಿದಳು.

ಡ್ರೆಸ್ಡೆನ್ ಸುಂದರವಾಗಿತ್ತು, ಆದರೆ ಹೊಸ ಸುಣ್ಣಕ್ಕೆ ಮರುಳಾಗುವವನು ನಾನಲ್ಲ. ನಿಲ್ದಾಣದ ಹೊರಗೇ ಮೊದಲ ಪರೀಕ್ಷೆ ನಡೆಸಿದೆ. ಒಬ್ಬ ವೃದ್ಧೆಯ ಬಳಿ ನಾನು ಹೋಗಿ ನದೀತೀರಕ್ಕೆ ದಾರಿ ಕೇಳುವುದು, ಐದು ನಿಮಿಷ ಬಿಟ್ಟು ಕ್ವಾಮೆ ಅದನ್ನೇ ಕೇಳುವುದು, ಎರಡೂ ಉತ್ತರಗಳ ಸೌಜನ್ಯವನ್ನು ಹೋಲಿಸುವುದು. ಆಕೆ ನನಗೆ ಬೆರಳು ತೋರಿಸಿ ಮುಖ ತಿರುಗಿಸಿದಳು. ಕ್ವಾಮೆಯನ್ನು ಮಾತ್ರ ತೋಳು ಹಿಡಿದು ಮೂಲೆಯವರೆಗೆ ಕರೆದೊಯ್ದು, ಮೊಮ್ಮಗನ ಫೋಟೋ ತೋರಿಸಿ ಕಳಿಸಿದಳು. ಈ ಫಲಿತಾಂಶವನ್ನು ಯಾವ ಶೀರ್ಷಿಕೆಯಡಿ ಬರೆಯಬೇಕೆಂದು ನನಗೆ ಹೊಳೆಯಲಿಲ್ಲ. "ತಲೆಗೆ ಟೋಪಿ ಹಾಕಿಕೊಂಡು ಪೊಲೀಸಿನವರ ಥರ ಕೇಳಿದ್ರೆ ಇನ್ನೇನಾಗತ್ತೆ?" ಎಂದಳು ಸುಮಿತ್ರೆ.

ಎರಡನೆಯ ಪರೀಕ್ಷೆಯನ್ನು ನಾನು ನಡೆಸಲಿಲ್ಲ, ಅದಾಗಿಯೇ ನಡೆಯಿತು. ಟ್ರಾಮಿನಲ್ಲಿ ಎಫುವಾ ಒಬ್ಬನ ಪಕ್ಕದ ಖಾಲಿ ಸೀಟಿನಲ್ಲಿ ಕುಳಿತಳು. ಅವನು ಅವಳನ್ನೊಮ್ಮೆ ನೋಡಿ, ಏನೋ ಗೊಣಗಿ, ತನ್ನ ಚೀಲವನ್ನು ಎದೆಗವಚಿಕೊಂಡು ಎದ್ದು ಬಾಗಿಲ ಬಳಿ ಹೋಗಿ ನಿಂತ. ನನಗೆ ಮೈಯೆಲ್ಲ ಬೆಂಕಿಯಾಯಿತು. ಎದ್ದು ನಿಂತೆ. ಆದರೆ ಸಿಟ್ಟಿನಲ್ಲೂ ನನ್ನ ಜರ್ಮನ್ ದೋಷರಹಿತವಾಗಿರಬೇಕೆಂಬುದು ನನ್ನ ನಿಯಮ. ನಾಲ್ಕು ಉಪವಾಕ್ಯಗಳ ಖಂಡನೆಯನ್ನು ನಾನು ಮನಸ್ಸಿನಲ್ಲಿ ಕಟ್ಟಿ ಮುಗಿಸುವಷ್ಟರಲ್ಲಿ ಅವನು ಇಳಿದು ಹೋಗಿದ್ದ.

"ಕುಳಿತುಕೊಳ್ಳಿ ಅಂಕಲ್," ಎಂದಳು ಎಫುವಾ. ಅವಳ ದನಿ ಸಮವಾಗಿತ್ತು. ಕೈ ಮಾತ್ರ ಕ್ವಾಮೆಯ ಕೈಯನ್ನು ಹಿಡಿದಿತ್ತು. "ಇವನು ಇಂಗೋಲ್‌ಸ್ಟಾಟ್‌ನಲ್ಲೂ ಇದ್ದಾನೆ. ಮ್ಯೂನಿಕ್‌ನಲ್ಲೂ ಇದ್ದಾನೆ. ಇವನನ್ನು ನೋಡಲು ಇಷ್ಟು ದೂರ ಬರಬೇಕಿರಲಿಲ್ಲ."

"ಹಾಗಾದರೆ ಏನನ್ನು ನೋಡಬೇಕು?"

"ಇವನ ಕಥೆಯನ್ನು ಸಂಜೆ ಯಾರ ಮನೆಗೆ ಹೋಗಿ ಹೇಳುವುದು ಅನ್ನೋದನ್ನ," ಎಂದಳು. ಆಮೇಲೆ ನಕ್ಕು, "ಮತ್ತೆ, ನನ್ನ ತಲೆಗೂದಲನ್ನು ಯಾರು ಹೆಣೆಯುತ್ತಾರೆ ಅನ್ನೋದನ್ನ," ಎಂದು ಸೇರಿಸಿದಳು.

ನನ್ನ ಇಪ್ಪತ್ತಮೂರು ಪ್ರಶ್ನೆಗಳಲ್ಲಿ ಇವೆರಡೂ ಇರಲಿಲ್ಲ. ನನ್ನ ಚರ್ಮ ಕಂದು. ಹಾಗಾಗಿ ಅವರದೆಲ್ಲವೂ ನನಗೆ ಗೊತ್ತೆಂದುಕೊಂಡಿದ್ದೆ. ಅವಳು ಜಡೆಗಾಗಿ ಪ್ರತಿ ಬಾರಿಯೂ ರೈಲು ಹತ್ತಿ ಮ್ಯೂನಿಕ್‌ಗೆ ಹೋಗಿ ಬರುತ್ತಾಳೆಂಬುದು ಅವಳು ನಮ್ಮ ತಲೆಯ ಮೇಲೆಯೇ ವಾಸವಿದ್ದರೂ ನನಗೆ ತಿಳಿದಿರಲಿಲ್ಲ. ಸುಮಿತ್ರೆಗೆ ತಿಳಿದಿತ್ತು. ಮುಂದಿನ ನಿಲ್ದಾಣದಲ್ಲಿ ಸೊಗಸಾಗಿ ಜಡೆ ಹೆಣೆಸಿಕೊಂಡ ಹುಡುಗಿಯೊಬ್ಬಳು ಟ್ರಾಮು ಹತ್ತಿದ್ದೇ ತಡ, ಸುಮಿತ್ರೆ ಅವಳ ಜಡೆಯತ್ತ ಒಮ್ಮೆ, ಎಫುವಾಳ ತಲೆಯತ್ತ ಒಮ್ಮೆ ಕೈ ತೋರಿಸಿ, ತನಗೆ ಬರುವ ಜರ್ಮನ್ನಿನಲ್ಲಿ "ಎಲ್ಲಿ?" ಎಂದಷ್ಟೇ ಕೇಳಿದಳು. ಆ ಹುಡುಗಿ ನಕ್ಕು, ತನ್ನ ಕೆಲಸ ಬಿಟ್ಟು, ನಮ್ಮೊಡನೆ ಇಳಿದು ಬಂದಳು. ಉಪವಾಕ್ಯಗಳ ವಿಷಯದಲ್ಲಿ ನನಗೆ ಸ್ವಲ್ಪ ಅನುಮಾನ ಹುಟ್ಟಿದ್ದು ಆಗಲೇ.

ಅದೊಂದು ಸಣ್ಣ ಅಂಗಡಿ. ಮೂರು ಕುರ್ಚಿ, ಆರು ಹೆಂಗಸರು, ಯಾರೂ ನೋಡದ ಒಂದು ಟಿವಿ. ಒಡತಿ ಕ್ಯಾಮರೂನಿನವಳು, ಎಲ್ಲರೂ ಮಾಮಾ ಗ್ರೇಸ್ ಎನ್ನುತ್ತಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಂಗಡಿಯೊಳಗೆ ಟೋಪಿ ಧರಿಸುವುದು ಅಸಭ್ಯವೆಂದು ನಾನು ಅದನ್ನು ತೆಗೆದೆ.

"ಅಯ್ಯೋ ಪಾಪಾ," ಎಂದಳು, "ತಡವಾಗಿ ಬಂದಿರಿ. ಈ ತಲೆಯ ಮೇಲೆ ನಾನು ಮಾಡುವಂಥದ್ದು ಏನೂ ಉಳಿದಿಲ್ಲವಲ್ಲ!"

ಆರೂ ಹೆಂಗಸರು ನಕ್ಕರು. ಸುಮಿತ್ರೆ, ಭಾಷೆ ಅರ್ಥವಾಗದಿದ್ದರೂ, ಎಲ್ಲರಿಗಿಂತ ಜೋರಾಗಿ ನಕ್ಕಳು. ಎರಡನ್ನೂ ನೆನಪಿಟ್ಟುಕೊಂಡಿದ್ದೇನೆ.

ಹೆಣೆಯಲು ನಾಲ್ಕು ಗಂಟೆ ಹಿಡಿಯಿತು. ಪುಳಿಯೋಗರೆ ಮೊದಲನೆಯ ಗಂಟೆಯಲ್ಲಿಯೇ ಅಂಗಡಿಯ ಪಾಲಾಯಿತು. ಆ ನಾಲ್ಕು ಗಂಟೆಗಳಲ್ಲಿ ಕೇಳಿಬಂದದ್ದನ್ನು ಯಾವ ಪತ್ರಿಕೆಯೂ ಬರೆಯದು. ಯಾವ ಬಡಾವಣೆಯಲ್ಲಿ ಹೆಸರು ಓದಿದೊಡನೆ "ಮನೆ ಬಾಡಿಗೆಗೆ ಹೋಗಿಬಿಟ್ಟಿದೆ" ಎನ್ನುತ್ತಾರೆ, ಯಾವುದರಲ್ಲಿ ಬಾಗಿಲು ತೆಗೆಯುತ್ತಾರೆ. ಯಾವ ವೈದ್ಯೆ ನೋವೆಂದರೆ ನಂಬುತ್ತಾಳೆ. ಹೊರಗಿನವರ ವಿರುದ್ಧ ಮೆರವಣಿಗೆ ಹೊರಡುವ ದಿನ ಯಾವ ಟ್ರಾಮನ್ನು ಬಿಟ್ಟು ಯಾವುದನ್ನು ಹಿಡಿಯಬೇಕು. ಬೇಸಿಗೆಯಲ್ಲಿ ನದೀತೀರದ ಹುಲ್ಲಿನ ಮೇಲೆ ಯಾವ ಭಾನುವಾರ ಎಲ್ಲರೂ ಕೂಡಿ ಅಡುಗೆ ಮಾಡುತ್ತಾರೆ. "ಕಷ್ಟವಿಲ್ಲ ಅಂತ ಹೇಳಲ್ಲ ಮಗಳೇ," ಎಂದಳು ಮಾಮಾ ಗ್ರೇಸ್, ಬಾಯಲ್ಲಿ ಬಾಚಣಿಗೆ ಕಚ್ಚಿಕೊಂಡೇ. "ಇಪ್ಪತ್ತು ವರ್ಷದಲ್ಲಿ ಎರಡು ಸಲ ಊರು ಬಿಡಲು ಗಂಟುಮೂಟೆ ಕಟ್ಟಿದ್ದೆ. ಎರಡು ಸಲವೂ ಈ ಹೆಂಗಸರೇ ಬಿಚ್ಚಿಸಿದರು. ಶನಿವಾರ ಬಾ. ಜಡೆ ಬೇಡವಾದರೂ ಬಾ."

ನನ್ನ ಪಟ್ಟಿಯ ಹತ್ತೊಂಬತ್ತು ಪ್ರಶ್ನೆಗಳಿಗೆ ನಾನು ಬಾಯಿ ತೆರೆಯದೆಯೇ ಉತ್ತರ ಸಿಕ್ಕಿತ್ತು. ಉಳಿದ ನಾಲ್ಕನ್ನು ಓದಿ ಹೇಳಿದೆ. ಅವು ಬೇಕಿಲ್ಲ ಎಂದಳು ಮಾಮಾ ಗ್ರೇಸ್. ನನ್ನ ತಂದೆಯಿಂದ ಬಂದ ವಿದ್ಯೆಯೆಂದು ಅಷ್ಟೆಲ್ಲ ಬೀಗಿದವನಿಗೆ, ತಂದೆ ಕ್ಷೌರದಂಗಡಿಯಲ್ಲಿ ಕುಳಿತದ್ದು ಪ್ರಶ್ನೆ ಕೇಳುವುದಕ್ಕಲ್ಲ, ಕುಳಿತಿರುವುದಕ್ಕೆ ಎಂಬುದು ಅರ್ಥವಾಗಲು ಈ ವಯಸ್ಸಾಗಬೇಕಾಯಿತು.

ಹಿಂದಿರುಗುವ ರೈಲಿನಲ್ಲಿ ಕ್ವಾಮೆ ತಾನು ಈ ದೇಶದಲ್ಲಿ ಕಂಡ ಅವಮಾನಗಳನ್ನು ನನಗೆ ಸರಿಸಾಟಿಯಾಗಿ ಹೇಳತೊಡಗಿದ. "ಇಂಗೋಲ್‌ಸ್ಟಾಟ್‌ನಲ್ಲಿ ಮೊದಲನೆಯದು, ನಾವು ಮನೆಗೆ ಬಂದ ದಿನವೇ," ಎಂದ. "ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ಮೆಟ್ಟಿಲು ಹತ್ತುತ್ತಿದ್ದೇವೆ. ಕೆಳಗಿನ ಮನೆಯವರೊಬ್ಬರು ಹೊರಗೆ ಬಂದರು. ಸ್ವಾಗತ ಹೇಳುತ್ತಾರೆ ಅಂದುಕೊಂಡೆವು. ಕಸವನ್ನು ಯಾವ ತೊಟ್ಟಿಗೆ ಹಾಕಬೇಕೆಂದು ಚಿತ್ರ ಬರೆದು ಕೈಗೆ ಕೊಟ್ಟರು. ಇಬ್ಬರು ಎಂಜಿನಿಯರುಗಳಿಗೆ, ಚಿತ್ರ!"

ಕೆಳಗಿನ ಮನೆ ನಮ್ಮದು. ಚಿತ್ರ ನನ್ನದು.

ಇದು ನನಗೆ ನೆನಪೇ ಇರಲಿಲ್ಲ. ನಾನು ಹೊಸಬನಾಗಿದ್ದಾಗ ನೆರೆಯವನೊಬ್ಬ ನನಗೂ ಅಂಥದ್ದೇ ಚಿತ್ರ ಬರೆದುಕೊಟ್ಟಿದ್ದ. ಅದರಲ್ಲಿ ಎಷ್ಟು ಬಾಟಲಿಗಳಿದ್ದವೆಂಬುದು ಮಾತ್ರ ನನಗೆ ನೆನಪಿದೆ.  "ತಪ್ಪಾಯಿತು," ಎಂದೆ. 

"ಬಿಡಿ ಅಂಕಲ್, ಇವತ್ತಿಗೂ ಫ್ರಿಜ್ಜಿನ ಮೇಲಿದೆ," ಎಂದಳು ಎಫುವಾ. "ನೀವು ಬರೆದ ಬಾಳೆಹಣ್ಣಿನ ಸಿಪ್ಪೆಗೆ ಜೀವಕಳೆಯಿದೆ."

ಸೋಮವಾರ ಬೆಳಿಗ್ಗೆ ಹೊಸ ಜಡೆಗಳೊಂದಿಗೆ ಎಫುವಾ ನಮ್ಮ ಬಾಗಿಲಲ್ಲಿ ನಿಂತಿದ್ದಳು. ನಾನು ಸಾಧಕಬಾಧಕಗಳ ಆರು ಪುಟಗಳ ವರದಿಯನ್ನು ಹಿಡಿದು ಬಂದೆ. "ಅಂಕಲ್, ಒಂದೇ ಸಾಲಿನಲ್ಲಿ ಹೇಳಿ. ಹೋಗಲೋ ಬೇಡವೋ?" ಎಂದಳು. ನಗುತ್ತಿರಲಿಲ್ಲ.

"ಹೋಗು," ಎಂದೆ. "ಅಲ್ಲಿ ನಿನಗೆ ಶನಿವಾರವಿದೆ. ಭಾನುವಾರ ನಮಗೆ ಫೋನು ಮಾಡು. ಯಾರಾದರೂ ಏನಾದರೂ ಅಂದರೆ ಹಳಸಲು ಬಿಡಬೇಡ, ಬಿಸಿಬಿಸಿಯಾಗಿಯೇ ಹೇಳು."

"ಯಾರೂ ಏನೂ ಅನ್ನದಿದ್ದರೆ?"

"ಆಗಲೂ ಮಾಡು. ಹೇಳಿಕೊಳ್ಳಲು ನನ್ನದು ಯಾವಾಗಲೂ ಇದ್ದೇ ಇರುತ್ತದೆ."

ಅವಳು ಅಲ್ಲಿಯೇ, ನಮ್ಮ ಹೊಸ್ತಿಲ ಬಳಿ ನಿಂತೇ, ಫೋನಿನಲ್ಲಿ ಒಪ್ಪಿಗೆಯ ಉತ್ತರ ಕಳಿಸಿದಳು.

ಈಗ ಅವರು ಹೋಗಿ ಏಳು ತಿಂಗಳಾಯಿತು. ಭಾನುವಾರದ ಫೋನು ತಪ್ಪಿಲ್ಲ. ಕೆಲವು ವಾರ ಅವಳ ದನಿ ಭಾರವಾಗಿರುತ್ತದೆ, ಆಗ ನಾವಿಬ್ಬರೂ ಸೇರಿ ಶಾಸ್ತ್ರೋಕ್ತವಾಗಿ ಸಿಟ್ಟಾಗುತ್ತೇವೆ. ಕಳೆದ ವಾರ ಅವಳ ಬಳಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಎದುರು ಮನೆಯವರು ಈಸ್ಟರ್ ಕೇಕು ಕೊಟ್ಟಿದ್ದರಂತೆ, ಕಾರ್ಖಾನೆಯಲ್ಲಿ ಅವಳ ಕೈಕೆಳಗೆ ನಾಲ್ವರನ್ನು ಕೊಟ್ಟಿದ್ದಾರಂತೆ. ನಾನು ನನ್ನದನ್ನು ಹೇಳಿದೆ: ಔಷಧಿ ಅಂಗಡಿಯ ಹೊಸ ಹುಡುಗ ಚೀಟಿಯನ್ನು ನನ್ನ ಕೈಗೆ ಕೊಡದೆ, ನಾನು ಕಿವುಡನೆಂಬಂತೆ, ಪಕ್ಕದಲ್ಲಿ ನಿಂತಿದ್ದ ಯಾರೋ ಅಪರಿಚಿತರಿಗೆ ವಿವರಿಸಿದ್ದ. ಎಫುವಾ ಕೆಂಡಾಮಂಡಲವಾದಳು. ಅಂಗಡಿಯ ಹೆಸರೇನು, ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತದೆ, ಬೆಳಗಿನ ರೈಲಿಗೇ ಬರುತ್ತೇನೆ, ಅವನೊಡನೆ ನಾನೇ ಮಾತಾಡುತ್ತೇನೆ ಎಂದು ಒಂದೇ ಉಸಿರಿನಲ್ಲಿ ಕೂಗತೊಡಗಿದಳು. ಅವಳನ್ನು ಸಮಾಧಾನಪಡಿಸಲು ನನಗೆ ಅರ್ಧ ಗಂಟೆ ಹಿಡಿಯಿತು.

"ಹೋಗಲಿ ಬಿಡಮ್ಮ," ಎಂದೆ ಕೊನೆಗೆ. "ಚಿಕ್ಕ ಹುಡುಗ. ಗೊತ್ತಾಗಿರಲಿಕ್ಕಿಲ್ಲ."

ಈ ಮಾತನ್ನಾಡಿದವರು ಯಾರೆಂದು ನೋಡಲು ಸುಮಿತ್ರೆ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು.